ಹೆಪ್ಪುಗಟ್ಟಿದ ಊಟ

ಐಸಿನ ಖಾನೆಯಿಂದ ಎಳೆದಾಗ ಚೀಲ ಅತ್ತೆಯ ಕೈಗೆ ಇಟ್ಟಿಗೆಯ ಹಾಗೆ ಬಂತು. ಬೆಳಿಗ್ಗೆ ಮುಟ್ಟಿದರೆ ಕುಲುಕುತ್ತಿದ್ದದ್ದು ಈಗ ಬೆರಳಿಗೆ ಮಣಿಯಲಿಲ್ಲ. ಅದರ ಹಿಂದಿನ ಚೀಲ ಮುಟ್ಟಿದರು. ಅದೂ ಕಲ್ಲು. ಉಳಿದವೂ ಹಾಗೇ. ಒಳಕೋಣೆಯಲ್ಲಿ ಸೊಸೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಗಾಡಿ ಮಾತು ಕೇಳಲ್ಲ ಅಂತ ಅದನ್ನ ಬೈಬೇಡಿ. ಮೊದಲು ಹ್ಯಾಂಡ್ ಬ್ರೇಕ್ ಇಳಿಸಿ!"

ಸೊಸೆ ಡ್ರೈವಿಂಗ್ ಸ್ಕೂಲಿನ ಟೀಚರು. ಹೆದರಿ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಳ್ಳುವವರನ್ನೂ ಮುಖ್ಯರಸ್ತೆಗೆ ಹತ್ತಿಸಿದವಳು. ಕಳೆದ ಬೇಸಿಗೆಯಲ್ಲಿ ಕರುಳು ತಿರುಚಿಕೊಂಡಿತು. ಕೊಳೆತದ್ದನ್ನೆಲ್ಲ ಡಾಕ್ಟರು ಕತ್ತರಿಸಿ ತೆಗೆದ ಮೇಲೆ ಸಣ್ಣಕರುಳಿನಲ್ಲಿ ಉಳಿದದ್ದು ಚೋಟುದ್ದ. ತಿಂದದ್ದು ಮೈಗೆ ಹತ್ತುವುದಿಲ್ಲ. ಎದೆಯ ಹತ್ತಿರ ರಕ್ತನಾಳಕ್ಕೆ ಇಳಿಸಿದ ತೆಳ್ಳನೆಯ ಕೊಳವೆಯೇ ಈಗ ಅವಳ ಬಾಯಿ. ಸಂಜೆ ಅದಕ್ಕೊಂದು ಚೀಲ ಜೋಡಿಸಿದರೆ, ಸಕ್ಕರೆ, ಎಣ್ಣೆ, ಲವಣ ಎಲ್ಲ ಬೆರೆತ ಹಾಲಿನಂಥ ದ್ರವ ಬೆಳಗಾಗುವಷ್ಟರಲ್ಲಿ ರಕ್ತ ಸೇರುತ್ತಿತ್ತು. ಜೋಡಿಸುವುದು ಮಗನ ಕೆಲಸ, ಚೀಲಗಳನ್ನು ಕಾಯುವುದು ಅತ್ತೆಯದು. "ನಮ್ಮ ಫ್ರಿಜ್ ಇನ್‌ಸ್ಪೆಕ್ಟರು" ಎಂದು ಸೊಸೆ ತಮಾಷೆ ಮಾಡುತ್ತಿದ್ದಳು. ಕಾಯಿಲೆಗೆ ಮುಂಚೆ ಈ ಇಬ್ಬರ ನಡುವೆ ತಮಾಷೆ ಇರಲಿ, ನೆಟ್ಟಗೆ ಮಾತೇ ಇರಲಿಲ್ಲ. ಒಂದೇ ಕೋಣೆಯಲ್ಲಿ ಕೂತು "ನಿಮ್ಮಮ್ಮನಿಗೆ ಹೇಳಿ", "ನಿನ್ನ ಹೆಂಡತಿಗೆ ಹೇಳು" ಎಂದು ಮಗನ ಮೂಲಕ ಸುದ್ದಿ ಕಳಿಸುತ್ತಿದ್ದವರು.

ಬೆಳಿಗ್ಗೆ ಕರೆಂಟು ಹೋಗಿತ್ತು. ಫ್ರಿಜ್ಜು ಬೆಚ್ಚಗಾಗಿ ಚೀಲ ಕೆಟ್ಟರೆ ಗತಿಯೇನು ಎಂದು ಅತ್ತೆ ಎಲ್ಲವನ್ನೂ ಐಸಿನ ಖಾನೆಗೆ ತುರುಕಿದ್ದರು. ತಂಪು ಹೆಚ್ಚಾದಷ್ಟೂ ಒಳ್ಳೆಯದಲ್ಲವೇ ಎಂದುಕೊಂಡಿದ್ದರು. ಆಮೇಲೆ ಕರೆಂಟು ಬಂತು. ಬಟ್ಟೆ ಒಗೆಯುವ ಗಡಿಬಿಡಿಯಲ್ಲಿ ಚೀಲಗಳ ನೆನಪು ಹಾರಿತು.

ಈಗ ಅವರು ಒಂದನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ ಕೂತರು. ಸೊಸೆ ಕರೆದಾಗಲೆಲ್ಲ "ಬಂದೆ" ಎಂದರೇ ಹೊರತು ಏಳಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಚೀಲ ಕರಗಿ ಮೊದಲಿನಂತೆ ಬೆಳ್ಳಗಾಯಿತು. ಅದನ್ನು ಮೇಜಿನ ಮೇಲಿಟ್ಟು, ಉಳಿದವನ್ನು ಕೆಳಗಿನ ಖಾನೆಗೆ ಇಳಿಸಿದರು. ಸದ್ಯ, ಯಾರಿಗೂ ಗೊತ್ತಾಗಲಿಲ್ಲ. ಆದರೂ ಮತ್ತೆ ಮತ್ತೆ ಮೇಜಿನ ಹತ್ತಿರ ಹೋಗಿ ಚೀಲ ಮುಟ್ಟಿ ನೋಡುತ್ತಿದ್ದರು.

ಮಗ ಟೈಲ್ಸ್ ಹಾಕುವವನು. ಬಂದವನೇ ಸೋಪು ಹಚ್ಚಿ ಮೊಣಕೈತನಕ ಕೈ ಉಜ್ಜಿದ, ಉಗುರಿನ ಸಂದಿಯ ಸಿಮೆಂಟು ಹೋಗುವ ತನಕ. ಮಾಸ್ಕು ಹಾಕಿಕೊಂಡ. ಚೀಲವನ್ನು ದೀಪಕ್ಕೆ ಹಿಡಿದು ನೋಡಿ ದ್ರವ ಹರಿಸುವ ಪಂಪಿನ ಕಂಬಕ್ಕೆ ತೂಗುಹಾಕಿದ. ಸೊಸೆಯ ಎದೆಯ ಕೊಳವೆಯ ತುದಿಯನ್ನು ಸ್ಪಿರಿಟ್ಟಿನಿಂದ ಒರೆಸತೊಡಗಿದ. ಎಂಜಲು ಹಾರಿ ಕೊಳವೆಗೆ ಸೋಂಕು ತಗಲಬಾರದೆಂದು ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

"ತಡಿಯೋ," ಎಂದರು ಅತ್ತೆ.

"ಅಮ್ಮಾ! ಈಗ ಮಾತಾಡಬಾರದು ಅಂತ ಎಷ್ಟು ಸಲ ಹೇಳೋದು?"

"ಅದು ಐಸಾಗಿತ್ತು ಕಣೋ."

ಅವನ ಕೈ ನಿಂತಿತು. ಅತ್ತೆ ಗೋಡೆ ನೋಡುತ್ತ ಎಲ್ಲವನ್ನೂ ಹೇಳಿದರು. ಮಗ ಆಸ್ಪತ್ರೆಯ ಸಿಸ್ಟರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟ.

"ಹಾಕ್ಬೇಡಿ," ಸಿಸ್ಟರ ದನಿ ಗಟ್ಟಿಯಾಯಿತು. "ಐಸಾದ್ರೆ ಎಣ್ಣೆ ಒಡೆದು ಬೇರೆ ಆಗುತ್ತೆ. ಆ ಹನಿ ರಕ್ತಕ್ಕೆ ಹೋದ್ರೆ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತೆ. ನೋಡೋಕೆ ಚೆನ್ನಾಗಿದ್ರೂ ಬೇಡ. ಒಂದನ್ನೂ ಬಳಸಬೇಡಿ. ಅವರನ್ನ ಕರ್ಕೊಂಡು ಬನ್ನಿ, ಇವತ್ತಿಗೆ ಗ್ಲೂಕೋಸ್ ಹಾಕ್ತೀವಿ. ಹೊಸ ಚೀಲ ನಾಳೆ ಮಾಡಿಸೋಣ."

ಫೋನು ಇಟ್ಟ ಮೇಲೆ ಸೊಸೆ ಗಂಡನ ತೋಳು ಹಿಡಿದಳು. "ನಾ ಬರಲ್ಲ ರೀ. ಮತ್ತೆ ಆ ವಾರ್ಡಿಗೆ ಹೋದ್ರೆ ಬಿಡಲ್ಲ ಅವರು. ಜ್ವರ ಅಂತಾರೆ, ಟೆಸ್ಟು ಅಂತಾರೆ. ನೋಡಿ, ಬೆಳ್ಳಗೇ ಇದೆಯಲ್ಲ? ಸಿಸ್ಟರ್ ಹೇಳೋದು ಹೇಳ್ತಾರೆ. ಇವತ್ತೊಂದಿನ ಹಾಕಿಬಿಡಿ."

ಮಗ ಚೀಲ ನೋಡಿದ, ಹೆಂಡತಿಯನ್ನು ನೋಡಿದ. "ಚೆನ್ನಾಗೇ ಕಾಣ್ತಿದೆ," ಎಂದ ಮೆಲ್ಲಗೆ. ಅತ್ತೆಗೆ ಆ ದನಿ ಗೊತ್ತು. ಹೆಂಡತಿ ಅಂಗಲಾಚಿದರೆ ಅವನು ಬೆಣ್ಣೆಯಂತೆ ಕರಗುವವನು.

ಅತ್ತೆ ಕಂಬದ ಹತ್ತಿರ ಹೋದರು. ಕನ್ನಡಕ ಏರಿಸಿ ಕಣ್ಣು ಕಿರಿದು ಮಾಡಿದರು. ಚೀಲದ ಮೇಲಂಚಿನಲ್ಲಿ ದಾರದಷ್ಟು ತೆಳ್ಳಗೆ ಹಳದಿ ಗೆರೆಯೊಂದು ಇತ್ತು. ಇತ್ತೋ, ದೀಪದ ನೆರಳೋ. ಸ್ಕೂಲು ಯೂನಿಫಾರಂ ಹೊಲಿದು ಹೊಲಿದು ಮಂಜಾದ ಕಣ್ಣುಗಳನ್ನು ಅವರೇ ನಂಬುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಮೇಲಿದ್ದ ದೊಡ್ಡ ಕತ್ತರಿ ತಂದರು. ಚೀಲವನ್ನು ಕಂಬದಿಂದ ಕಿತ್ತು ಸಿಂಕಿನ ಮೇಲೆ ಹಿಡಿದು, ಮಗ "ಏನ್ಮಾಡ್ತಿದೀಯಾ!" ಎನ್ನುವಷ್ಟರಲ್ಲಿ, ಅಡ್ಡಡ್ಡ ಕತ್ತರಿಸಿದರು.

ಬಿಳಿಯ ದ್ರವ ಗಳಗಳನೆ ಇಳಿಯಿತು.

"ಊಟ ಅದು ಅತ್ತೆ! ನನ್ನ ಊಟ!" ಸೊಸೆ ಕೂಗಿದಳು.

"ಗೊತ್ತಮ್ಮ," ಎಂದರು ಅತ್ತೆ. ಕತ್ತರಿಯನ್ನು ಸಿಂಕಿನಲ್ಲಿ ಹಾಕಿದರು. "ನನ್ನನ್ನ ಏನು ಬೇಕಾದ್ರೂ ಅನ್ನು. ಆಟೋದಲ್ಲಿ ಕೂತ್ಕೊಂಡು ಅನ್ನು. ಏಳು."

ಆಟೋದಲ್ಲಿ ಸೊಸೆ ಏನೂ ಅನ್ನಲಿಲ್ಲ. ಅದಕ್ಕೇ ಅತ್ತೆಗೆ ಹೆಚ್ಚು ಭಯವಾಯಿತು. ಸಿಗ್ನಲ್ಲಿನಲ್ಲಿ ಆಟೋದವನು ಎಡಕ್ಕೆ ನುಗ್ಗಿದಾಗಲೂ ಅವಳ ಬಾಯಿಂದ ಒಂದು ಬೈಗುಳ ಬರಲಿಲ್ಲ. ದಾರಿಯುದ್ದಕ್ಕೂ ಅತ್ತೆ ಅವಳ ಹಣೆಯ ಬೆವರನ್ನೇ ನೋಡುತ್ತಿದ್ದರು. ಚೀಲ ತಪ್ಪಿದ್ದಕ್ಕೆ ಸಕ್ಕರೆ ಇಳಿದದ್ದೋ, ಸಿಟ್ಟಿಗೋ, ಬರೀ ಸೆಕೆಗೋ, ಕೇಳುವ ಧೈರ್ಯವಾಗಲಿಲ್ಲ.

ವಾರ್ಡಿನಲ್ಲಿ ಸಿಸ್ಟರು ಸೊಸೆಯ ಬೆರಳು ಚುಚ್ಚಿ ಸಕ್ಕರೆ ನೋಡಿದರು. "ಸ್ವಲ್ಪ ಕಮ್ಮಿ ಇದೆ. ಗಾಬರಿ ಇಲ್ಲ," ಎಂದು ಗ್ಲೂಕೋಸ್ ಹಚ್ಚಿದರು. ಮಗ ಬೀಗದ ಕೈ ಕೊಟ್ಟು ಬಂದಿದ್ದ ಪಕ್ಕದ ಮನೆಗೆ ಫೋನು ಮಾಡಿ, ಫ್ರಿಜ್ಜಿನಲ್ಲಿದ್ದ ಚೀಲಗಳ ಫೋಟೋ ತರಿಸಿಕೊಂಡು ತೋರಿಸಿದ. ಒಂದರಲ್ಲಿ ಎಣ್ಣೆ ಹಳದಿ ಪಟ್ಟಿಯಾಗಿ ಮೇಲೆ ನಿಂತಿತ್ತು. ಸಿಸ್ಟರು ತಲೆಯಾಡಿಸಿದರು. "ಇದನ್ನ ಹಾಕಿದ್ರೆ..." ಎಂದು ಶುರುಮಾಡಿದವರು ಅತ್ತೆಯ ಮುಖ ನೋಡಿ ಅಲ್ಲಿಗೇ ಬಿಟ್ಟರು. "ನಿಮಗೆ ಯಾರೂ ಹೇಳಿರಲಿಲ್ವಾ ಅಮ್ಮಾ?"

"ಹೇಳಿದ್ರು," ಎಂದರು ಅತ್ತೆ. "ತಂಪಾಗಿರಲಿ ಅಂದಿದ್ದು ನೆನಪಿತ್ತು. ಐಸು ಬೇಡ ಅಂದಿದ್ದು ಮರೆತೆ."

ಮಗ ಔಷಧಿ ವಿಭಾಗಕ್ಕೆ ಓಡಿದ. ಕೂರಲು ಕುರ್ಚಿ ಇರಲಿಲ್ಲ. ಅತ್ತೆ ಮಂಚದ ಕಾಲ ಬಳಿ, ಕಂಬಿ ಹಿಡಿದು ನಿಂತರು. ಕ್ಷಮಿಸು ಎನ್ನಬೇಕೆಂದು ಬಾಯಿ ತೆರೆದವರು, ಅವಳ ಕಾಲಿನಿಂದ ಜಾರಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದರು. ಸೊಸೆ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು.

ಎಷ್ಟೋ ಹೊತ್ತಿನ ಮೇಲೆ, ಮುಖ ತಿರುಗಿಸದೆಯೇ, ಅವಳು ಹೊದಿಕೆಯೊಳಗೆ ತನ್ನ ಕಾಲುಗಳನ್ನು ಒಂದು ಬದಿಗೆ ಸರಿಸಿದಳು. ಹಾಸಿಗೆಯ ಅಂಚಿನಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು. ಅತ್ತೆ ಅದನ್ನೇ ನೋಡಿದರು. ಆಮೇಲೆ ಕಂಬಿ ಬಿಟ್ಟು, ಮಂಚ ಅಲುಗದ ಹಾಗೆ ಮೆಲ್ಲಗೆ, ಅರ್ಧ ಮಾತ್ರ ಕೂತರು.