ಗೋಡೆಯ ಮೇಲೆ ಪರ್ಪೆಚುವಾ

ನಮ್ಮ ಮಂಗಳೂರು ಕಡೆಯ ಇಗರ್ಜಿಗಳಲ್ಲಿ ಟ್ಯೂಬ್‌ಲೈಟ್ ಕೊಟ್ಟವರೂ ಅದರ ಮೇಲೆ ಹೆಸರು ಬರೆಸುತ್ತಾರೆ. ಅಕ್ಷರ ಎಷ್ಟು ದಪ್ಪವೆಂದರೆ ಬೆಳಕು ಹೊರಬರಲು ಸಂದು ಹುಡುಕಬೇಕು. ಹಾಗಾಗಿ ನಮ್ಮ ಯಜಮಾನ ನಖ್ಲೆ ಸಾಹೇಬರು, ಲೆಬನಾನಿನ ತಮ್ಮ ಊರಿನಲ್ಲಿ ಪಾಳುಬಿದ್ದ ಕ್ರೈಸ್ತ ಸನ್ಯಾಸಿಗಳ ಮಠವನ್ನು ಮತ್ತೆ ಕಟ್ಟಿಸಿ ಗೋಡೆಯ ಮೇಲೆ ತಮ್ಮ ಚಿತ್ರವನ್ನೇ ಬರೆಸುತ್ತೇನೆ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಪೂರ್ವದ ಇಗರ್ಜಿಗಳ ಹಳೆಯ ಬೈಜಾಂಟೈನ್ ಚಿತ್ರಪದ್ಧತಿಯೇ ಹಾಗಂತೆ. ಕಟ್ಟಿಸಿದವನು ಇಗರ್ಜಿಯನ್ನು ಆಟಿಕೆಯಷ್ಟು ಚಿಕ್ಕದಾಗಿ ಕೈಯಲ್ಲಿ ಹಿಡಿದು ಮರಿಯಮ್ಮನಿಗೆ ಒಪ್ಪಿಸುತ್ತಾನೆ. ಹಿಂದೆ ಮನೆಮಂದಿ ಸಾಲಾಗಿ ನಿಂತಿರುತ್ತಾರೆ.

ದೋಹಾದ ಅವರ ಇಂಟೀರಿಯರ್ ಆಫೀಸಿನಲ್ಲಿ ಕೈಯಲ್ಲಿ ಚಿತ್ರ ಬರೆಯಬಲ್ಲವಳು ಬರ್ನಡೆಟ್ ಎಂಬ ನಾನೊಬ್ಬಳೇ. ಮಾದರಿ ನಾನು ಬರೆದುಕೊಡಬೇಕು, ಅದನ್ನು ನೋಡಿ ಲೆಬನಾನಿನ ಕಲಾವಿದ ಗೋಡೆಗೇರಿಸುತ್ತಾನೆ.

"ಬರೆದು ಕೊಡ್ತೇನೆ ಸಾರ್, ಓವರ್‌ಟೈಮ್ ಬೇಡ," ಎಂದೆ. "ನಿಮ್ಮ ಮನೆಯವರ ಸಾಲಿನಲ್ಲಿ ನನ್ನ ಅಕ್ಕನೂ ಇರಲಿ."

ಅಕ್ಕ ಪರ್ಪೆಚುವಾ ಐನ್ ಖಾಲಿದ್‌ನಲ್ಲಿ ಅವರ ವಿಲ್ಲಾದಲ್ಲಿ ಮನೆಗೆಲಸಕ್ಕಿದ್ದಳು. ಅವರ ಮೂರು ಮಕ್ಕಳನ್ನೂ ಹೊತ್ತು, ಮೀಯಿಸಿ, ಉಣಿಸಿ ಬೆಳೆಸಿದವಳು ಅವಳೇ. ಕಳೆದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅವರ ಅಡುಗೆಮನೆಯಲ್ಲೇ ಕುಸಿದು ಸತ್ತಳು. ಅವಳ ಆತ್ಮಕ್ಕಾಗಿ ಇಗರ್ಜಿಯಲ್ಲಿ ಪೂಜೆ ಇಟ್ಟ ದಿನ ಸಾಹೇಬರ ಹೆಂಡತಿ, ನಮ್ಮ ಮೇಡಂ, ನನ್ನ ಕೈ ಹಿಡಿದು, "ಅವಳು ಕೆಲಸದವಳಲ್ಲ, ನಮ್ಮ ಮನೆಯವಳು" ಎಂದು ಅತ್ತಿದ್ದರು. ಬಾಯಿಮಾತಿಗೇನು, ಗಾಳಿಗೆ ಹಾರಿಹೋಗುತ್ತದೆ. ನನಗೆ ಆ ಮಾತು ಗೋಡೆಯ ಮೇಲೆ ಬೇಕಿತ್ತು.

ಸಾಹೇಬರು ತಟ್ಟನೆ ಒಪ್ಪಿದರು. "ಯಲ್ಲಾ, ಖಲಾಸ್. ಪರ್ಪೆಚುವಾ ಇಲ್ಲದೆ ನಮ್ಮ ಮನೆ ಉಂಟಾ?"

ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ, ವಾರದ ರಜೆಯ ಶುಕ್ರವಾರಗಳಲ್ಲಿ ಕೂತು ಬರೆದೆ. ಸಾಹೇಬರ ಹೊಟ್ಟೆಯನ್ನು ಎಷ್ಟು ಸಲ ಕರಗಿಸಬೇಕಾಯಿತೋ ದೇವರಿಗೇ ಗೊತ್ತು. ಅಕ್ಕನನ್ನು ಮಾತ್ರ ಇದ್ದ ಹಾಗೆಯೇ ಬರೆದೆ. ಕೆನ್ನೆಯ ಮಚ್ಚೆಯನ್ನೂ ಬಿಡಲಿಲ್ಲ. ಮೇಡಂ ಮತ್ತು ದೊಡ್ಡ ಮಗನ ನಡುವೆ ನಿಲ್ಲಿಸಿದೆ. ಬರೆಯುವಾಗ ಅತ್ತೆ, ನಿಜ. ಖುಷಿಗೂ ಅತ್ತೆ.

ಸೆಪ್ಟೆಂಬರಿನಲ್ಲಿ ಮಠದ ಉದ್ಘಾಟನೆಯ ಪೂಜೆ ಮುಗಿಸಿ ಬಂದ ಸಾಹೇಬರು ಎಲ್ಲರನ್ನೂ ಮೀಟಿಂಗ್ ರೂಮಿಗೆ ಕರೆದು ಫೋಟೋ ತೋರಿಸಿದರು. ಸಾಹೇಬರಿದ್ದರು, ಮೇಡಂ ಇದ್ದರು, ಮಕ್ಕಳಿದ್ದರು. ಅಕ್ಕ ನಿಲ್ಲಬೇಕಾದಲ್ಲಿ ಜುಲೈಯಲ್ಲಿ ಮದುವೆಯಾಗಿ ಬಂದ ಸೊಸೆ ನಿಂತಿದ್ದಳು.

"ತಡಿ, ನಿನ್ನ ಅಕ್ಕನೂ ಇದ್ದಾಳೆ," ಎಂದು ಸಾಹೇಬರು ಮುಂದಿನ ಫೋಟೋ ಹಾಕಿದರು.

ಅದು ಬೇರೆ ಗೋಡೆ. ಮರಿಯಮ್ಮ ಹುಟ್ಟಿದ ದೃಶ್ಯ. ನಾವು ತೆನೆ ತಂದು ಮೊಂತಿ ಹಬ್ಬ ಮಾಡುವುದು ಆ ಹುಟ್ಟಿಗೇ. ಬಾಣಂತಿ ಹಾಸಿಗೆಯಲ್ಲಿದ್ದಾಳೆ. ಕೆಳಗೆ, ಮೂಲೆಯಲ್ಲಿ, ಅಂಗಿಯ ತೋಳು ಮೇಲಕ್ಕೆ ಮಡಚಿದ ದಾಸಿಯೊಬ್ಬಳು ಕೂಸಿನ ಸ್ನಾನಕ್ಕೆ ತೊಟ್ಟಿಗೆ ನೀರು ಹೊಯ್ಯುತ್ತಿದ್ದಾಳೆ. ಮುಖ ಅಕ್ಕನದು. ಮಚ್ಚೆಯೂ ಇದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಲತೇಶ್, ನಮ್ಮ ಸುರತ್ಕಲ್‌ನವನೇ, "ಭಾರೀ ಲಾಯ್ಕ ಉಂಟು ಮಾರಾಯ್ತಿ" ಎಂದ. ನನಗೆ ಮೈಯೆಲ್ಲ ಉರಿಯಿತು.

"ಮನೆಯವರ ಸಾಲಿನಲ್ಲಿ ಅಂತ ಅಲ್ವಾ ಸಾರ್ ನೀವು ಹೇಳಿದ್ದು?"

ಸಾಹೇಬರು ಸಿಟ್ಟಾಗಲಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಸೊಸೆ ಬಂದಳಲ್ಲ, ಜಾಗ ಬೇಕಾಯ್ತು. ಅಲ್ಲದೆ ಬರ್ನಡೆಟ್, ಆ ಸಾಲಿನಲ್ಲಾದರೆ ಸುಮ್ಮನೆ ನಿಂತಿರಬೇಕು. ನಮ್ಮ ಪರ್ಪೆಚುವಾಗೆ ಸುಮ್ಮನೆ ನಿಂತು ಗೊತ್ತುಂಟಾ?"

ರೂಮು ರೂಮೇ ನಕ್ಕಿತು. ಪ್ರೀತಿಯ ನಗುವೇ, ಅದೇ ಹೆಚ್ಚು ಸುಟ್ಟಿತು. ಒಳ್ಳೆಯ ಸುಣ್ಣದ ಗಾರೆ, ಐನೂರು ವರ್ಷ ಬಾಳುತ್ತದೆ ಎಂದು ಸಾಹೇಬರು ಬೇರೆಯವರಿಗೆ ವಿವರಿಸತೊಡಗಿದರು. ಅಷ್ಟು ವರ್ಷ ನನ್ನ ಅಕ್ಕನಿಗೆ ರಜೆಯಿಲ್ಲ.