ತುಕ್ಕಿನ ಬಟ್ಟೆಗಳು

ತುಕ್ಕು ಹಿಡಿದ ಮೊಳೆಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ವಿನೆಗರ್‌ನಲ್ಲಿ ನೆನೆಸಿ, ಮೂಡಿದ ಕಲೆಗಳಿಂದಲೇ ಚಿತ್ರ ಮಾಡುವುದು ಅವಳ ರೀತಿ. ಆ ಬಟ್ಟೆಗಳನ್ನು ಮೊದಲು ನೋಡಿದವಳು ಅವಳೊಂದಿಗೆ ಸ್ಟುಡಿಯೋ ಹಂಚಿಕೊಂಡಿದ್ದ ಹಿರಿಯ ಕಲಾವಿದೆ. ಆ ಹಿರಿಯಳನ್ನು ಇವಳು ಬಾಯ್ತುಂಬ ಅಕ್ಕ ಎಂದೇ ಕರೆಯುತ್ತಿದ್ದಳು.

"ಇನ್‌ಸ್ಟಾಗ್ರಾಂಗೆ ಹಾಕ್ಬಿಟ್ಟೀಯ, ಜೋಕೆ! ಕದಿಯೋರು ಕಾಯ್ತಿರ್ತಾರೆ," ಎಂದಿದ್ದಳು ಅಕ್ಕ. "ಸಮಯ ನೋಡಿ ಗ್ಯಾಲರಿಯವರಿಗೆ ನಾನೇ ತೋರಿಸ್ತೀನಿ ಕಣೇ."

ಸರಿ, ತನ್ನ ಮಗು ಮಲಗಿದ ಹೊತ್ತಲ್ಲಿ ಮಾಡಿದ ಕೆಲಸವನ್ನೆಲ್ಲ ಅವಳು ಗೋಡೆಗೆ ಮುಖ ಮಾಡಿ ಇಟ್ಟು ಕಾದಳು.

ಅಕ್ಕನ ಪ್ರದರ್ಶನಕ್ಕೆ ಸಂಭ್ರಮದಿಂದ ಹೋದರೆ, ಅಲ್ಲಿ ಗೋಡೆ ತುಂಬ ಅವಳದೇ ರೀತಿಯಲ್ಲಿ ಅಕ್ಕ ಮಾಡಿದ ತುಕ್ಕಿನ ಬಟ್ಟೆಗಳು. ಬೇಲಿಯೇ ಎದ್ದು ಹೊಲ ಮೇದಿತ್ತು. ಅಕ್ಕ ಅವಳ ಹೆಗಲ ಮೇಲೆ ಕೈಹಾಕಿ ಗ್ಯಾಲರಿಯ ಯಜಮಾನರಿಗೆ ಹೇಳಿದಳು: "ಇವಳು ನಮ್ಮ ಹುಡುಗಿ. ನನ್ ಜೊತೆ ಇದ್ದೂ ಇದ್ದೂ ಇವಳ ಕೈಗೂ ತುಕ್ಕು ಹತ್ಕೊಂಡಿದೆ!"

ಎಲ್ಲರೂ ನಕ್ಕರು. ಅವಳೂ ನಕ್ಕಳು.

ಅಲ್ಲಿಂದ ನೇರ ಸ್ಟುಡಿಯೋಗೆ ಬಂದು, ತನಗೆ ಎಲ್ಲಕ್ಕಿಂತ ಇಷ್ಟವಾದ ಬಟ್ಟೆಯನ್ನು ಬೆಳಕಿಗೆ ತಿರುಗಿಸಿ, ಫೋಟೋ ತೆಗೆದು ಎಲ್ಲರಿಗೂ ಕಾಣುವಂತೆ ಇನ್‌ಸ್ಟಾಗ್ರಾಂಗೆ ಹಾಕಿದಳು. ಮೊದಲ ಮೆಚ್ಚುಗೆ ಬರಲು ತಡವಾಗಲಿಲ್ಲ:

"ತುಂಬಾ ಚೆನ್ನಾಗಿದೆ. ಥೇಟ್ ನಿಮ್ಮ ಅಕ್ಕನ ಕೈನೇ!"