ಹದಿನೈದು ದಿನ ಜೇಬಿನಲ್ಲಿ

ಪತ್ರಿಕೆಯ ಕಚೇರಿಯಲ್ಲಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು. ತಿಂಗಳಿಗೊಂದು ಪುಟ ಅವನದು. ಮಾರುಕಟ್ಟೆಗೆ ಬಂದ ವಸ್ತುಗಳನ್ನು ತೂಗಿ ನೋಡಿ, ಒಂದರಿಂದ ಐದರವರೆಗೆ ನಕ್ಷತ್ರ ಕೊಡುವುದು ಕೆಲಸ. ಟಾರ್ಚು, ಟೇಬಲ್ ಫ್ಯಾನು, ಇಸ್ತ್ರಿಪೆಟ್ಟಿಗೆಗಳಿಂದ ಶುರುವಾದದ್ದು ಈಗ ಆ ಹೊಸ ಫೋನುಗಳಿಗೆ ಬಂದು ನಿಂತಿತ್ತು. ಒಂದು ಕಡ್ಡಿಯಿಂದ ಪರದೆಯನ್ನು ಕುಟುಕಿದರೆ ವಿಳಾಸ, ದಿನಚರಿ, ಯಾರನ್ನು ಎಷ್ಟು ಗಂಟೆಗೆ ಕಾಣಬೇಕು ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ಅಂಗೈಯಗಲದ ಫೋನುಗಳು. ಫೋನು ದುಬಾರಿ, ಬಿದ್ದರೆ ಒಡೆಯುತ್ತದೆ, ಹಾಗಾಗಿ ಅದಕ್ಕೊಂದು ಚರ್ಮದ ಕವಚ ಬೇಕು. ಯಾವ ಕವಚ ಕೊಳ್ಳಬೇಕು ಎಂದು ಹೇಳಲು ತಕ್ಕಡಿ ಬೇಕು. ಅವನು ಎರಡು ನಕ್ಷತ್ರ ಕೊಟ್ಟನೆಂದರೆ ಅಂಗಡಿಯವರು ಆ ಸರಕನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದರು.

ಆ ಪುಟಕ್ಕೊಂದು ಗುಟ್ಟಿತ್ತು. ಕಂಪನಿಗಳು ಫೋನನ್ನು ಪರೀಕ್ಷೆಗೆಂದು ಕೊಟ್ಟು, ಕೆಲವೇ ದಿನಗಳಲ್ಲಿ ವಾಪಸು ಒಯ್ಯುತ್ತಿದ್ದವು. ಕವಚಗಳು ಬರುತ್ತಿದ್ದುದು ಆಮೇಲೆ. ಫೋನಿಲ್ಲದೆ ಕವಚ ನೋಡುವುದು ಹೇಗೆ? ಅದಕ್ಕೇ ಕಚೇರಿಯ ಮೂಲೆಯಲ್ಲಿ ಗೊಂಬೆ ಕಪಾಟು ಎಂಬ ಒಂದು ಕಪಾಟಿತ್ತು. ಅಂಗಡಿಯ ಗಾಜಿನ ಹಿಂದೆ ಅಲಂಕಾರಕ್ಕಿಡುವ ಗೊಂಬೆ ಫೋನುಗಳು ಅದರಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಒಳಗೆ ಟೊಳ್ಳು, ಪರದೆಯ ಜಾಗದಲ್ಲಿ ಅಂಟಿಸಿದ ಚಿತ್ರ. ತಕ್ಕಡಿಗಿಂತ ಮೊದಲು ಆ ಪುಟ ಬರೆಯುತ್ತಿದ್ದವರೂ ಇವುಗಳಿಗೇ ತೊಡಿಸಿ ನೋಡುತ್ತಿದ್ದರು. ಮೋಸ ಮಾಡುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಓದುಗರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಿದ್ದ ಸಂಗತಿಯಾಗಿತ್ತು ಅದು.

ಕಂದು ಬಣ್ಣದ ಆ ಕವಚ ಬಂದ ದಿನ ತಕ್ಕಡಿ ಒಳ್ಳೆಯ ಹುರುಪಿನಲ್ಲಿದ್ದ. ಜೊತೆಗೊಂದು ಚೀಟಿ ಇತ್ತು. "ಅಕ್ಕ ತಂಗಿ ಇಬ್ಬರೇ ಕೈಯಲ್ಲಿ ಮಾಡುತ್ತೇವೆ. ತಪ್ಪಿದ್ದರೆ ತಿಳಿಸಿ." ಅವನು ಚರ್ಮವನ್ನು ಮೂಸಿ ನೋಡಿದ, ಮಡಚಿ ನೋಡಿದ, ಉಗುರಿನಿಂದ ಗೀರಿ ನೋಡಿದ. ಹೊಲಿಗೆಯಂತೂ ಇರುವೆ ಸಾಲು. ಕಡ್ಡಿ ಹೊರಬರಲು ಪಕ್ಕದಲ್ಲೊಂದು ಸೀಳು, ಅದರ ಅಂಚನ್ನೂ ಬೆರಳಿಗೆ ತಾಕದಂತೆ ಉಜ್ಜಿ ನುಣುಪು ಮಾಡಿದ್ದರು. ತಲೆದೂಗಿ, ಗೊಂಬೆ ಫೋನನ್ನು ಒಳಗಿಟ್ಟು, ಕವಚವನ್ನು ತಲೆಕೆಳಗು ಮಾಡಿದ. ಫೋನು ಟಪ್ಪೆಂದು ಮೇಜಿನ ಮೇಲೆ ಬಿತ್ತು. ಇನ್ನೊಮ್ಮೆ ಮಾಡಿದ, ಇನ್ನೊಮ್ಮೆ ಬಿತ್ತು.

ಅವನು ಬರೆದ: "ಚರ್ಮ ಚೆನ್ನ, ಹೊಲಿಗೆ ಇನ್ನೂ ಚೆನ್ನ, ಅಳತೆಯನ್ನು ಮಾತ್ರ ಕಣ್ಣು ಮುಚ್ಚಿಕೊಂಡು ತೆಗೆದಂತಿದೆ. ಹದಿನೈದು ದಿನ ಜೇಬಿನಲ್ಲಿಟ್ಟು ಓಡಾಡಿದೆ. ಫೋನು ಕೈಗೆ ಬಂದದ್ದಕ್ಕಿಂತ ನೆಲಕ್ಕೆ ಬಿದ್ದದ್ದೇ ಹೆಚ್ಚು." ಎರಡು ನಕ್ಷತ್ರ. ಕೊನೆಯ ವಾಕ್ಯ ಅವನಿಗೇ ಹಿಡಿಸಿ, ಸಂಪಾದಕಿಗೆ ಓದಿ ಹೇಳಿದ. ಆಕೆ ನಕ್ಕಳು. ಅಸಲಿಗೆ ಕವಚ ಅವನ ಕೈಯಲ್ಲಿದ್ದದ್ದು ಕಾಲು ಗಂಟೆ. ಹದಿನೈದು ದಿನ ಎಂಬುದು ಆ ಪುಟದ ಮಾಮೂಲು ಮಾತು, ಕಾಗದದ ತುದಿಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆದ ಹಾಗೆ.

ಸಂಚಿಕೆ ಹೊರಬಂದು ಎರಡು ವಾರವಾದ ಮೇಲೆ, ಒಂದು ಭಾನುವಾರ, ಹೆಂಡತಿಯ ತಮ್ಮ ಮನೆಗೆ ಬಂದ. ಕೈಯಲ್ಲಿ ಅದೇ ಫೋನು, ಗೊಂಬೆಯಲ್ಲ, ನಿಜವಾದದ್ದು. ಅದನ್ನು ತೋರಿಸಲೆಂದೇ ಬಂದಿದ್ದ, ಅಕ್ಕನನ್ನು ನೋಡಲು ಬಂದೆ ಎಂದು ಹೇಳಿಕೊಳ್ಳುತ್ತಿದ್ದ ಅಷ್ಟೆ. ತಕ್ಕಡಿ ಕಚೇರಿಯಿಂದ ತಂದು ಮೇಜಿನ ಮೇಲೆ ಹಾಕಿದ್ದ ಕಂದು ಕವಚವನ್ನು ಅವನು ಕೇಳದೆಯೇ ಎತ್ತಿಕೊಂಡು ಫೋನನ್ನು ಒಳಗೆ ತೂರಿಸಿದ.

"ಭಾವ, ಇದು ಎಲ್ಲಿ ಸಿಕ್ತು? ಅಳತೆ ಕೊಟ್ಟು ಹೊಲಿಸಿದ ಹಾಗಿದೆ."

"ಅದು ಸಡಿಲ. ಬೀಳತ್ತೆ," ಎಂದ ತಕ್ಕಡಿ, ಪತ್ರಿಕೆಯಿಂದ ತಲೆ ಎತ್ತದೆ.

"ಎಲ್ಲಿ ಬೀಳತ್ತೆ?" ಭಾವಮೈದ ಕವಚವನ್ನು ತಲೆಕೆಳಗು ಮಾಡಿ ಹಿಡಿದ, ಕೊಡವಿದ, ಕೊನೆಗೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲನ್ನು ಧಡಧಡ ಇಳಿದು ಹತ್ತಿ ಬಂದ. ಫೋನು ಮಿಸುಕಾಡಲಿಲ್ಲ. "ಇದನ್ನ ನನಗೇ ಕೊಟ್ಬಿಡಿ ಭಾವ, ನೀವು ಇದಕ್ಕೆ ಹಾಕೋಕೆ ಫೋನ್ ಯಾವಾಗ ತಗೋತೀರೋ ಏನೋ."

ತಕ್ಕಡಿ ಎದ್ದು ಬಂದು ಫೋನನ್ನು ಹೊರತೆಗೆದು ಮಗುಚಿ ನೋಡಿದ. ಹಿಂಬದಿಯಲ್ಲಿ ಬ್ಯಾಟರಿಯ ಜಾಗ ಸ್ವಲ್ಪ ಉಬ್ಬಿತ್ತು. ಗೊಂಬೆಗೆ ಬ್ಯಾಟರಿ ಎಲ್ಲಿಂದ ಬರಬೇಕು, ಅದರ ಬೆನ್ನು ಚಪ್ಪಟೆ. ವ್ಯತ್ಯಾಸ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಒಂದು ಕವಚ ತಾನೆ, ಯಾರು ಇಷ್ಟೊಂದು ಲಕ್ಷ್ಯ ಕೊಟ್ಟು ಓದುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಅರ್ಧ ದಿನ ಬಾಳಿಕೆ ಬಂತು.

ಮರುದಿನ ಕಚೇರಿಗೆ ತಂಗಿ ಬಂದಳು, ಆ ಚೀಟಿ ಬರೆದ ಅಕ್ಕತಂಗಿಯರಲ್ಲಿ ಕಿರಿಯಳು. ಐವತ್ತು ದಾಟಿದ ಹೆಂಗಸು, ಬೆರಳ ತುದಿಗಳಲ್ಲಿ ಮೇಣದ ಕಪ್ಪು. ಜಗಳಕ್ಕೆ ಬಂದಿದ್ದಾಳೆಂದು ಅವನು ಒಳಗೊಳಗೇ ಗಟ್ಟಿಯಾದ. ಜಗಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ನೀವು ಬರೆದದ್ದು ಸರಿಯಾಗೇ ಇದೆ ಸರ್, ಅದಕ್ಕೇನೂ ತಕರಾರಿಲ್ಲ," ಎಂದಳು ಆಕೆ, ಕುರ್ಚಿಯ ಅಂಚಿನಲ್ಲಿ ಕೂತು. "ಎಷ್ಟು ಸಡಿಲ ಇತ್ತು ಅಂತ ಒಂದು ಮಾತು ಹೇಳಿದ್ರೆ ತಿದ್ಕೋತೀವಿ. ಅಂಗಡಿಯವರು ಅಳತೆಗೆ ಅಂತ ಒಂದು ಗಂಟೆ ಫೋನ್ ಕೊಟ್ಟಿದ್ರು. ನಿಮ್ಮ ಪುಟ ಓದಿದ ಮೇಲೆ ಮತ್ತೆ ಕೊಡೋಕೆ ಒಪ್ತಿಲ್ಲ."

ಎದುರಿನ ಮೇಜಿನಲ್ಲಿ ಸಂಪಾದಕಿ ಕೂತಿದ್ದಳು. ಪಕ್ಕದವರು ಕಿವಿ ನೆಟ್ಟಗೆ ಮಾಡಿದ್ದರು. ನಿಜ ನಾಲಿಗೆಯ ತುದಿಗೆ ಬಂದಿತ್ತು, ಇದನ್ನು ಅವನು ಆಮೇಲೆ ಸಾವಿರ ಸಲ ನೆನೆದುಕೊಂಡ. ಬಾಯಿಂದ ಬಂದದ್ದು ಬೇರೆ.

"ಒಂದೆರಡು ಮಿಲಿಮೀಟರ್ ಇರಬಹುದು."

ಆಕೆ ಅದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಳು. "ನಾನೂ ಹಾಗೇ ಅಂದ್ಕೊಂಡೆ. ಕತ್ತರಿಸೋದು ಅಕ್ಕನ ಕೆಲಸ ಸರ್, ಮೂವತ್ತು ವರ್ಷದಿಂದ. ಅವಳ ಕಣ್ಣು ಮಂದವಾಗಿದೆ ಅಂತ ನಿಮ್ಮ ಪುಟ ನೋಡಿದ ಮೇಲೇ ನನಗೆ ಗೊತ್ತಾಗಿದ್ದು. ಚಾಕು ತಗೊಂಡು ಎತ್ತಿಟ್ಟುಬಿಟ್ಟೆ. ಸ್ವಲ್ಪ ಅತ್ತಳು. ಇನ್ನೇನು ಮಾಡೋದು, ವಯಸ್ಸಾಯ್ತು." ಹೊರಡುವಾಗ ಕೈ ಮುಗಿದಳು, ಉಪಕಾರವಾಯಿತು ಎಂದೂ ಹೇಳಿದಳು.

ಆ ಉಪಕಾರವಾಯಿತು ಎಂಬ ಮಾತು ಅವನನ್ನು ತಿಂದುಹಾಕಿತು. ಮೊದಲನೆಯದನ್ನು ತಪ್ಪು ಅನ್ನಬಹುದಿತ್ತು. ಎರಡನೆಯದು ಗೊತ್ತಿದ್ದೂ ಆಡಿದ ಸುಳ್ಳು, ಅದೂ ಕೈ ಮುಗಿಸಿಕೊಂಡು. ಮೂರು ದಿನ ಅವನು ಯಾರ ಮೇಲೋ ರೇಗಿದ, ಏನನ್ನೋ ಹುಡುಕಿದ, ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೇ ಕೂತುಬಿಟ್ಟ. ಹೆಂಡತಿ ನೋಡುವಷ್ಟು ನೋಡಿ ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ನನ್ನ ಹತ್ರ ಹೇಳಿದ್ರೆ ನಿಮಗೆ ಹಗುರ ಆಗಬಹುದು," ಎಂದಳು ಅವಳು. "ಅವರ ಚಾಕು ಅವರಿಗೆ ವಾಪಸು ಬರತ್ತಾ?"

ಅವನು ಭಾವಮೈದನನ್ನು ಕಾಡಿಬೇಡಿ ಫೋನನ್ನು ಎರವಲು ಪಡೆದು, ಕವಚವನ್ನೂ ಹಿಡಿದುಕೊಂಡು, ಚೀಟಿಯಲ್ಲಿದ್ದ ವಿಳಾಸ ಹುಡುಕಿಕೊಂಡು ಹೋದ. ಬೀಗ ರಿಪೇರಿ ಅಂಗಡಿಯ ಮೇಲೊಂದು ಉದ್ದನೆಯ ಕೋಣೆ. ಕಿಟಕಿಯ ಕೆಳಗೆ ಕತ್ತರಿಸುವ ಹಲಗೆ, ಅದರ ಮುಂದೆ ತಂಗಿ ನಿಂತಿದ್ದಳು. ಬೆಳಕಿಲ್ಲದ ಗೋಡೆಯ ಬದಿ ಸ್ಟೂಲಿನ ಮೇಲೆ ಕೂತು ದಾರಕ್ಕೆ ಮೇಣ ಉಜ್ಜುತ್ತಿದ್ದವಳು ಅಕ್ಕ. ಎತ್ತರದ, ಗಟ್ಟಿ ಕೈಗಳ ಹೆಂಗಸು. ಕಲಿಯಲು ಬಂದ ಹೊಸಬರಿಗೆ ಕೊಡುವಂಥ ಕೆಲಸ ಅದು ಎಂದು ಯಾರೂ ಹೇಳದೆ ಅವನಿಗೆ ಅರ್ಥವಾಯಿತು. ಹಲಗೆಯ ಮೇಲೆ ಹೊಸ ಅಳತೆಯ ತುಂಡುಗಳನ್ನು ಪೇರಿಸಿದ್ದರು, ನಲವತ್ತಾದರೂ ಇದ್ದವು, ಎಲ್ಲವೂ ಎರಡು ಮಿಲಿಮೀಟರ್ ಚಿಕ್ಕವು.

"ನೋಡಿ, ಈ ಸಲ ಬಿಗಿಯಾಗಿದೆ," ಎಂದು ಹೊಲಿದು ಮುಗಿಸಿದ ಒಂದನ್ನು ತಂಗಿ ಎತ್ತಿಕೊಟ್ಟಳು.

ಅವನು ಜೇಬಿನಿಂದ ಫೋನು ತೆಗೆದು ಅದರೊಳಗೆ ಹಾಕಲು ನೋಡಿದ. ಅರ್ಧಕ್ಕೇ ಕಚ್ಚಿಕೊಂಡಿತು. ಹಳೆಯ ಕವಚವನ್ನು ತೆಗೆದ. ಫೋನು ಒಳಗೆ ಹೋಗಿ ಕೂತಿತು. ತಲೆಕೆಳಗು ಮಾಡಿ ಹಿಡಿದ, ಕೊಡವಿದ. ಫೋನು ಅಲ್ಲಾಡಲಿಲ್ಲ.

"ತಪ್ಪು ನನ್ನದು," ಎಂದ. "ನಾನು ಹಾಕಿ ನೋಡಿದ್ದು ಅಂಗಡಿಯ ಗೊಂಬೆ ಫೋನಿಗೆ. ಅದರ ಬೆನ್ನು ಚಪ್ಪಟೆ. ಮೊನ್ನೆ ನೀವು ಬಂದಾಗ ನನಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ಮಿಲಿಮೀಟರ್ ಅಂದೆ."

ತಂಗಿ ಹಲಗೆಯ ಮೇಲಿನ ತುಂಡುಗಳನ್ನು ನೋಡಿದಳು, ಅಂಗೈಯನ್ನು ಸೀರೆಗೆ ಒರೆಸಿಕೊಂಡಳು, ಆಮೇಲೆ ಅಕ್ಕನ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು. ಬಯ್ಯಲಿ ಎಂದು ತಕ್ಕಡಿ ಕಾದ. ಬಯ್ಗುಳ ಅವನಿಗೆ ಬೇಕಾಗಿತ್ತು.

ಅಕ್ಕ ಎದ್ದು ಬಂದು ಹಳೆಯ ಕವಚವನ್ನು ಕೈಗೆ ತೆಗೆದುಕೊಂಡಳು. ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳನ್ನು ಅಂಚಿನ ಸುತ್ತ ಒಂದು ಸುತ್ತು ಹರಿಸಿದಳು.

"ನೀನು ಹೇಳಿ ಕಳಿಸಿದೆಯಾ ಇವರಿಗೆ?" ಎಂದು ತಂಗಿಯನ್ನು ಕೇಳಿದಳು.

"ಇಲ್ಲ ಕಣೇ."

"ಮುದುಕಿಗೆ ಬೇಜಾರಾಗಿದೆ, ಒಂದು ಒಳ್ಳೆ ಮಾತು ಹೇಳೋಣ ಅಂತ ಬಂದಿರ್ತಾರೆ." ತಕ್ಕಡಿಯ ಕಡೆ ತಿರುಗಿದಳು. ದನಿಯಲ್ಲಿ ಕೋಪವಿರಲಿಲ್ಲ. "ಹದಿನೈದು ದಿನ ಜೇಬಿನಲ್ಲಿಟ್ಟು ಓಡಾಡಿದೆ ಅಂತ ಬರೆದಿದ್ರಲ್ಲಪ್ಪ. ಸಡಿಲ ಅಂತ ಬರೆದಿದ್ದನ್ನ ನಾನು ಮೊದಲು ನಂಬಿರಲಿಲ್ಲ. ನನ್ನ ಕೈ ನನಗೆ ಗೊತ್ತಿಲ್ವಾ? ಆ ಹದಿನೈದು ದಿನ ಓದಿದ ಮೇಲೆ ನಂಬಿದೆ. ಅಷ್ಟು ದಿನ ಜೊತೇಲಿ ಇಟ್ಕೊಂಡವರು ಸುಳ್ಳು ಯಾಕೆ ಹೇಳ್ತಾರೆ ಅಂತ."

"ಆ ಹದಿನೈದು ದಿನವೂ ಸುಳ್ಳು," ಎಂದ ಅವನು. ತಲೆ ಎತ್ತಲು ಆಗಲಿಲ್ಲ. "ಕಾಲು ಗಂಟೆ ನೋಡಿದೆ."

"ಹಾಗಾದ್ರೆ ಅದನ್ನೇ ಬರೀರಿ. ಅಚ್ಚಲ್ಲಿ ಬರಲಿ. ಇಲ್ಲಿ ನಿಂತು ಹೇಳಿದ್ರೆ ನನಗೆ ಯಾವುದನ್ನ ನಂಬಬೇಕು ಅಂತ ಗೊತ್ತಾಗಲ್ಲ." ಹೋಗಿ ಮತ್ತೆ ಸ್ಟೂಲಿನ ಮೇಲೆ ಕೂತು ದಾರ ಎತ್ತಿಕೊಂಡಳು.

ಸಂಪಾದಕಿ ಒಂದು ಸಾಲಿನ ತಿದ್ದುಪಡಿ ಸಾಕು ಎಂದಳು. ಅಳತೆಯಲ್ಲಿ ಗೊಂದಲವಾಗಿತ್ತು ಎಂದು ಮೂಲೆಯಲ್ಲಿ ಹಾಕಿದರೆ ಮುಗಿಯಿತು.

"ಗೊಂಬೆ ಕಪಾಟಿನ ವಿಷಯವೂ ಬರಬೇಕು. ಹದಿನೈದು ದಿನದ್ದೂ ಬರಬೇಕು," ಎಂದ ತಕ್ಕಡಿ.

"ಅದು ಸುಳ್ಳು ಅಂದ್ರೆ ಹನ್ನೊಂದು ವರ್ಷದ ನಿಮ್ಮ ಪುಟವೆಲ್ಲ ಸುಳ್ಳು ಅಂತ ಆಗತ್ತೆ. ನಾಳೆ ಯಾರು ಓದ್ತಾರೆ?"

"ಓದಬಾರದು."

ಆಕೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಕೊನೆಗೆ ಅಚ್ಚು ಹಾಕಿಸಿದಳು, ಮುಂದಿನ ತಿಂಗಳಿಂದ ಪುಟವನ್ನು ಬೇರೆಯವರಿಗೆ ಕೊಟ್ಟಳು. ತಕ್ಕಡಿಗೆ ವಾಚಕರ ಪತ್ರ ವಿಂಗಡಿಸುವ ಕೆಲಸ ಬಂತು. ಮೊದಲ ವಾರ ಬಂದ ಪತ್ರಗಳೆಲ್ಲ ಅವನಿಗೇ ಉಗಿದು ಬರೆದವು. ಅವನ್ನೂ ಅವನೇ ಒಪ್ಪವಾಗಿ ಜೋಡಿಸಿಟ್ಟ. ಅಡ್ಡಹೆಸರಿನಿಂದ ಕರೆಯಲು ಕಚೇರಿಯಲ್ಲಿ ಎಲ್ಲರಿಗೂ ಮುಜುಗರವಾಗತೊಡಗಿತು.

ಸಂಚಿಕೆಯನ್ನು ಅವನೇ ಆ ಕೋಣೆಗೆ ತೆಗೆದುಕೊಂಡು ಹೋದ. ತಂಗಿ ನಿಂತುಕೊಂಡೇ ಜೋರಾಗಿ ಓದಿದಳು. ಗೊಂಬೆ ಫೋನು, ಕಾಲು ಗಂಟೆ, ಹೇಳಿದ ಸುಳ್ಳು, ಆಮೇಲೆ "ಈ ಕವಚದ ಅಳತೆಯಲ್ಲಿ ಕೂದಲೆಳೆಯ ತಪ್ಪೂ ಇಲ್ಲ" ಎಂಬ ಕೊನೆಯ ಸಾಲು. ಅಕ್ಕ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. ತಂಗಿ ಪತ್ರಿಕೆ ಮಡಚಿ, ಕಪಾಟಿನ ಬೀಗ ತೆಗೆದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚಾಕುವನ್ನು ತಂದು ಅಕ್ಕನ ಕೈಗಿತ್ತಳು.

"ಆಯ್ತು ಬಿಡೇ," ಎಂದಳು ಅಕ್ಕ, ಮತ್ತು ಹಲಗೆಯ ಮುಂದೆ ಬಂದು ನಿಂತಳು. ತಕ್ಕಡಿಯ ಎದೆಯ ಮೇಲಿನ ಭಾರ ಅಷ್ಟು ದಿನದಲ್ಲಿ ಮೊದಲ ಸಲ ಇಳಿದಂತಾಯಿತು. ಹೊರಡಬೇಕೆಂದು ಬಾಗಿಲವರೆಗೂ ಹೋದ.

ಅಕ್ಕ ಚರ್ಮವನ್ನು ಹರಡಿದಳು, ಗೆರೆ ಎಳೆದಳು, ಚಾಕುವನ್ನು ಗೆರೆಯ ಮೇಲಿಟ್ಟಳು. ಇಟ್ಟವಳು ಎಳೆಯಲಿಲ್ಲ. ಚಾಕು ಪಕ್ಕಕ್ಕಿಟ್ಟು ಅಳತೆಪಟ್ಟಿ ತೆಗೆದು ಗೆರೆಯನ್ನು ಅಳೆದಳು. ಇನ್ನೊಮ್ಮೆ ಅಳೆದಳು. ಮುಖವನ್ನು ಚರ್ಮದ ಹತ್ತಿರಕ್ಕೆ ತಂದು ಕಣ್ಣು ಕಿರಿದು ಮಾಡಿ ನೋಡಿದಳು.

"ಸ್ವಲ್ಪ ಬಂದು ನೋಡೇ," ಎಂದು ತಂಗಿಯನ್ನು ಕರೆದಳು. "ಸರಿ ಇದೆಯಾ?"

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲವೆಂಬುದು ತಂಗಿಯ ಮುಖ ನೋಡಿದರೇ ತಿಳಿಯುತ್ತಿತ್ತು.

"ಸರಿ ಇದೆ ಅಕ್ಕ."

"ನಿಜ ಹೇಳು," ಎಂದಳು ಅಕ್ಕ.